ಐದನೇ ಸುತ್ತಿನ ತೀರ್ಪು

ನಮ್ಮ ಮನೆಯಲ್ಲಿ ಪ್ರಪಂಚ ಮೊದಲ ಸಲ ನಾಶವಾದದ್ದು 2020ರ ಒಂದು ಶನಿವಾರ, ಬೆಳಿಗ್ಗೆ ಒಂಬತ್ತೂವರೆಗೆ. ನಾನು ದೋಸೆ ಹುಯ್ಯುತ್ತಿದ್ದೆ. ಮಗಳ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಅವಳ ದನಿ ಏದುಸಿರು ಬಿಡುತ್ತಾ ಓಡುತ್ತಿತ್ತು. ಪೊಲೀಸ್ ಇಲಾಖೆಯ ಯಾವುದೋ ಕಾನೂನು ಬದಲಾಯಿಸಿದರೆ ಚುನಾವಣೆ ಏರುಪೇರಾಗುತ್ತದೆ, ಅಲ್ಲಿಂದ ಒಂದು ಒಪ್ಪಂದ ಮುರಿಯುತ್ತದೆ, ಅಲ್ಲಿಂದ ಅಣುಯುದ್ಧ, ಅಲ್ಲಿಗೆ ಮನುಕುಲ ಮುಗಿಯಿತು. ನಡುನಡುವೆ ಮುಳುಗುವವರು ಮೇಲೆ ಬಂದು ಗಾಳಿ ಎಳೆದುಕೊಂಡಂಥ ಸದ್ದು.

ಅತ್ತೆ ತಸ್ಬಿಯ ಮಣಿ ಎಣಿಸುತ್ತಾ ಸೋಫಾದ ಮೇಲೆ ಕೂತಿದ್ದರು. ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದು, ವಿಮಾನಗಳು ನಿಂತುಹೋಗಿ, ಕ್ಯಾಲಿಫೋರ್ನಿಯಾದ ಫೋರ್ ಎಸ್ ರ್ಯಾಂಚ್ ಬಡಾವಣೆಯ ನಮ್ಮ ಮನೆಯಲ್ಲಿ ಸಿಕ್ಕಿಹಾಕಿಕೊಂಡವರು ಅವರು. ಮನೆಯಲ್ಲಿ ನಾವು ಆಡುವುದು ಉರ್ದು. ಅತ್ತೆಗೆ ಸಿಟ್ಟು ಬಂದರೆ ಮಾತ್ರ ಕನ್ನಡ. ಅವತ್ತು ಕನ್ನಡದಲ್ಲೇ ಕೇಳಿದರು.

"ಏನಮ್ಮಾ, ಮಗೂಗೆ ಉಬ್ಬಸ ಶುರುವಾಗಿದೆ, ನೀನು ದೋಸೆ ಹುಯ್ತಾ ನಿಂತಿದೀಯಲ್ಲ?"

"ಉಬ್ಬಸ ಅಲ್ಲ ಅತ್ತೆ, ಡಿಬೇಟು."

ಅತ್ತೆ ನನ್ನ ಮುಖವನ್ನೇ ನೋಡಿದರು. ಮೈಸೂರಿನಲ್ಲಿ ನಾನು ಕಾಲೇಜಿನ ದೊಡ್ಡ ಚರ್ಚಾಪಟು ಅಂತ ಕೇಳಿಯೇ ಅವರು ನನ್ನನ್ನು ಸೊಸೆ ಮಾಡಿಕೊಂಡಿದ್ದರು. ಆಮೇಲೆ ಅದಕ್ಕಾಗಿ ಬೇಕಾದಷ್ಟು ಪಶ್ಚಾತ್ತಾಪವನ್ನೂ ಪಟ್ಟಿದ್ದರು. ಡಿಬೇಟ್ ಅಂದರೆ ಏನು ಅಂತ ಅವರಿಗೆ ಗೊತ್ತಿತ್ತು. ಒಳಗೆ ನಡೆಯುತ್ತಿದ್ದದ್ದು ಅದಾಗಿರಲಿಲ್ಲ.

ನನಗೂ ಅದೇ ಅನಿಸಿತ್ತು. ಮಗಳು ಒಂಬತ್ತನೇ ತರಗತಿಗೆ ಸೇರಿದ ವರ್ಷ ಅದು. ಶಾಲೆಯೆಲ್ಲ ಕಂಪ್ಯೂಟರಿನೊಳಗೇ. ಡಿಬೇಟ್ ಮಾಡಿದರೆ ಕಾಲೇಜಿಗೆ ಅಪ್ಲೈ ಮಾಡುವಾಗ ಒಳ್ಳೆಯದು ಅಂತ ವಾಟ್ಸಾಪ್ ಗುಂಪಿನ ಒಬ್ಬ ತಾಯಿ ಬರೆದರು. ಹತ್ತು ನಿಮಿಷದಲ್ಲಿ ಹದಿನಾಲ್ಕು ಮಕ್ಕಳಿಗೆ ವಾದ ಮಾಡುವ ಆಸಕ್ತಿ ಹುಟ್ಟಿತು. ಹೀಗೆ ನನ್ನ ಮಗಳೂ ಸೇರಿದಳು.

ಈ ಆಟದ ಹೆಸರು ಪಾಲಿಸಿ ಡಿಬೇಟ್. ಇಬ್ಬರ ಜೋಡಿಗೆ ಎದುರು ಇಬ್ಬರ ಜೋಡಿ, ವರ್ಷವಿಡೀ ಒಂದೇ ವಿಷಯ. ಸರ್ಕಾರ ಇಂಥದ್ದೊಂದು ಮಾಡಬೇಕು ಅಂತ ಪರದವರು ಯೋಜನೆ ಮಂಡಿಸುತ್ತಾರೆ. ಮಾಡಿದರೆ ಕೆಡುತ್ತದೆ ಅಂತ ವಿರೋಧದವರು ಹೇಳುತ್ತಾರೆ. ಆದರೆ ಸಣ್ಣಪುಟ್ಟದಾಗಿ ಕೆಟ್ಟರೆ ಇಲ್ಲಿ ಬೆಲೆಯಿಲ್ಲ. ಈ ಯೋಜನೆಯಿಂದ ಒಂದು ಊರು ಮುಳುಗುತ್ತದೆ ಅಂತ ಎದುರಿನವರು ಅಂದರೆ, ಇದರಿಂದ ಭೂಮಂಡಲವೇ ಉಳಿಯುತ್ತದೆ ಅಂತ ಇವರು ಅನ್ನಬೇಕು. ಹಾಗಾಗಿ ಎಲ್ಲಿಂದ ಹೊರಟರೂ ಎಲ್ಲರೂ ಹೋಗಿ ನಿಲ್ಲುವುದು ಅಣುಯುದ್ಧದಲ್ಲೇ. ಎಂಟು ನಿಮಿಷದಲ್ಲಿ ಆದಷ್ಟು ವಾದ ತುಂಬಬೇಕು, ಅದಕ್ಕೇ ಆ ಓಟ. ಎದುರಿನವರು ಹೇಳಿದ ಒಂದೊಂದನ್ನೂ ಕಾಗದದಲ್ಲಿ ಕಂಬಸಾಲಾಗಿ ಬರೆದುಕೊಂಡು ಒಂದೊಂದಕ್ಕೂ ಉತ್ತರ ಕೊಡಬೇಕು. ಉತ್ತರ ಬಿಟ್ಟುಹೋಯಿತೋ, ಅದನ್ನು ಒಪ್ಪಿಕೊಂಡ ಹಾಗೆ. ಹೊಸಬರಿಗೆ ಕೋಚ್ ಕಲಿಸಿದ ಮೊದಲ ಪಾಠವೇ ಇದು: ಚೆನ್ನಾಗಿ ಮಾತಾಡದಿದ್ದರೂ ಪರವಾಗಿಲ್ಲ, ಏನನ್ನೂ ಬಿಡಬೇಡಿ.

ನನ್ನ ಮಗಳು ಈ ಪಾಠವನ್ನು ಮೊದಲು ಪ್ರಯೋಗಿಸಿದ್ದು ನನ್ನ ಮೇಲೆ. ಪಾತ್ರೆ ತೊಳೆ, ಬಟ್ಟೆ ಮಡಚು, ಅಜ್ಜಿ ಹತ್ತಿರ ಹತ್ತು ನಿಮಿಷ ಕೂರು ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಅವಳು ಮೂರಕ್ಕೂ ಇಂಗ್ಲಿಷಿನಲ್ಲಿ ನಂಬರ್ ಹಾಕಿ ಉತ್ತರ ಕೊಡುತ್ತಾಳೆ. ಎರಡನೆಯ ಉತ್ತರಕ್ಕೆ ನಾನು ಏನೂ ಹೇಳದೆ ಒಲೆ ಕಡೆ ತಿರುಗಿದರೆ "ಅಮ್ಮಿ, ಯು ಡ್ರಾಪ್ಡ್ ಇಟ್" ಅಂದು ಮೇಲೆ ಹೋಗುತ್ತಾಳೆ. ಬಟ್ಟೆ ಮಡಚದೆ ಬಿದ್ದಿರುತ್ತದೆ.

ನನ್ನ ಬತ್ತಳಿಕೆಯಲ್ಲೂ ಬಾಣಗಳಿದ್ದವು. ಹೊಸಬಳಿಗೆ ಉಪಯೋಗವಾಗಲಿ ಅಂತ ಒಂದು ಭಾನುವಾರ ಕೂರಿಸಿಕೊಂಡು ಹೇಳಿಕೊಟ್ಟೆ. ಮೊದಲು ವೇದಿಕೆಯ ಮೇಲಿರುವ ಎಲ್ಲರಿಗೂ ನಮಸ್ಕಾರ ಹೇಳಬೇಕು. ನಾಲ್ಕು ಸಾಲಿನ ಒಂದು ಪದ್ಯದಿಂದ ಶುರುಮಾಡಬೇಕು. ಮುಖ್ಯವಾದ ಮಾತು ಬಂದಾಗ ಬಲಗೈ ಎತ್ತಿ ಒಂದು ಕ್ಷಣ ನಿಲ್ಲಿಸಬೇಕು, ಅಷ್ಟರಲ್ಲಿ ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟುತ್ತಾರೆ. ಎರಡನೇ ಗಂಟೆ ಹೊಡೆದ ಮೇಲೂ ಎರಡು ನಿಮಿಷ ಮಾತಾಡಿ, ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ ಅನ್ನಬೇಕು. ಮಗಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಬಹಳ ಮರ್ಯಾದೆಯಿಂದ, ಇದರಲ್ಲಿ ವಾದ ಎಲ್ಲಿದೆ ಅಂತ ಕೇಳಿದಳು.

ಇದೇ ಬಾಣಗಳಿಂದ ನಾನು ಅಂತರಕಾಲೇಜು ಪರ್ಯಾಯ ಪಾರಿತೋಷಕ ಗೆದ್ದಿದ್ದೆ ಅಂದರೆ ಅವಳಿಗೆ ನಂಬಿಕೆ ಬರಲಿಲ್ಲ. ಆದರೂ ಅದು ನಿಜ. ನಾನು ಒಬ್ಬಳೇ ಗೆದ್ದದ್ದಲ್ಲ, ನಾವು ಜೋಡಿ. ನಾನು ವಿಷಯದ ಪರ, ನನ್ನ ಗೆಳತಿ ವಿರೋಧ. ಹದಿನೇಳನೇ ವಯಸ್ಸಿನಿಂದ ಒಂದೇ ಬೆಂಚು, ಒಂದೇ ಟಿಫನ್ ಡಬ್ಬಿ. ಅವಳ ಮನೆಯ ಹಬ್ಬಕ್ಕೆ ನಾನು, ನಮ್ಮ ಮನೆಯ ಈದ್‌ಗೆ ಅವಳು. ಮದುವೆಯಾಗಿ ಇಬ್ಬರೂ ಕ್ಯಾಲಿಫೋರ್ನಿಯಾಕ್ಕೇ ಬಂದೆವು. ನಾನು ಸ್ಯಾನ್ ಡಿಯೇಗೊ, ಅವಳು ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್. ಎರಡೂವರೆ ಗಂಟೆ ಡ್ರೈವ್, ಟ್ರಾಫಿಕ್ ಇದ್ದರೆ ನಾಲ್ಕು. ಅವಳಿಗೂ ಒಬ್ಬಳೇ ಮಗಳು, ನನ್ನ ಮಗಳದೇ ವಯಸ್ಸು. ನಮ್ಮ ಮನೆಯಲ್ಲಿ ಡಿಬೇಟ್ ಶುರುವಾದ ಸುದ್ದಿ ಕೇಳಿ ಆ ಹುಡುಗಿಯೂ ತನ್ನ ಶಾಲೆಯಲ್ಲಿ ಸೇರಿದಳು. ಫೋನಿನಲ್ಲಿ ನಾವಿಬ್ಬರು ನಕ್ಕಿದ್ದೇ ನಕ್ಕಿದ್ದು.

ಶಾಲೆಗಳು ಮತ್ತೆ ತೆರೆದವು. ಸ್ಪರ್ಧೆಗಳು ಕಂಪ್ಯೂಟರಿನಿಂದ ಹೊರಬಂದು ಶಾಲಾ ಕೊಠಡಿಗಳಿಗೆ ಹೋದವು. ಆಗ ಮನೆಗೊಂದು ಮೇಲ್ ಬಂತು: ಎರಡು ಜೋಡಿ ಮಕ್ಕಳನ್ನು ಕಳಿಸುವ ಶಾಲೆ ಒಬ್ಬ ನಿರ್ಣಾಯಕರನ್ನೂ ಕಳಿಸಬೇಕು, ಅಪ್ಪ ಅಮ್ಮಂದಿರಾದರೂ ಆದೀತು. ನನ್ನ ಗಂಡ ಅದನ್ನು ಓದಿ ಗ್ಯಾರೇಜಿನಲ್ಲಿ ಏನೋ ಕೆಲಸವಿದೆ ಅಂತ ಎದ್ದುಹೋದರು. ನಾನು ಮಾತ್ರ ಈ ಕರೆಗೇ ಇಪ್ಪತ್ತೈದು ವರ್ಷದಿಂದ ಕಾಯುತ್ತಿದ್ದವಳ ಹಾಗೆ ಹೂಂ ಅಂದೆ. ನಾನು ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಗುಣಮಟ್ಟ ನೋಡುವವಳು. ಒಂದು ಬ್ಯಾಚನ್ನು ತಿರಸ್ಕರಿಸಬೇಕಾದರೆ ಕಾರಣ ಬರೆದು ಸಹಿ ಹಾಕಬೇಕು. ಕಾರಣ ಸುಳ್ಳಾದರೆ ಕೆಲಸವೇ ಹೋಗುತ್ತದೆ. ತೀರ್ಪು ಕೊಡುವುದು ನನಗೆ ದಿನನಿತ್ಯದ ಉದ್ಯೋಗ ಅಂತ ಎಲ್ಲರಿಗೂ ಹೇಳಿಕೊಂಡೆ.

ನಿರ್ಣಾಯಕರು ತಮ್ಮ ಬಗ್ಗೆ ನಾಲ್ಕು ಸಾಲು ಬರೆದು ಹಾಕಬೇಕಿತ್ತು, ಮಕ್ಕಳು ಅದನ್ನು ನೋಡಿಕೊಂಡು ತಮ್ಮ ವಾದ ಹೊಂದಿಸಿಕೊಳ್ಳಲಿ ಅಂತ. ಪಾರಿತೋಷಕದ ವಿಷಯವೂ ಸೇರಿ ನಾನು ಒಂದೂವರೆ ಪುಟ ಬರೆದೆ. ಮಗಳು ಅದನ್ನೆಲ್ಲ ಅಳಿಸಿ "ಪೋಷಕಿ, ಹೊಸಬರು, ನೋಟ್ಸ್ ಬರೆದುಕೊಳ್ಳುತ್ತಾರೆ" ಅಂತ ಹಾಕಿದಳು. ನೋಟ್ಸ್ ಮಾತ್ರ ನಾನು ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ಆ ವೇಗಕ್ಕೆ ನನ್ನ ಕೈ ಓಡುತ್ತಿದ್ದದ್ದು ಕನ್ನಡದಲ್ಲಿ ಮಾತ್ರ. ಅಣುಯುದ್ಧಕ್ಕೆ ಒಂದು "ಅ" ಹಾಕಿ ಸುತ್ತು ಎಳೆದರೆ ಸಾಕು. ಕೆಲವೇ ತಿಂಗಳಲ್ಲಿ ನನಗೆ ಈ ಆಟ ಚೆನ್ನಾಗಿಯೇ ಹತ್ತಿತು. ಯಾರು ಯಾವುದಕ್ಕೆ ಉತ್ತರ ಬಿಟ್ಟರು ಅನ್ನುವುದು ಕಂಬಸಾಲಿನಲ್ಲಿ ಖಾಲಿ ಜಾಗವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಅದನ್ನು ನೋಡಿ ನ್ಯಾಯವಾಗಿಯೇ ತೀರ್ಪು ಕೊಡುತ್ತಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಮಾಡಿದ್ದಕ್ಕೆ ನನಗೆ ಆಟ ಗೊತ್ತಿರಲಿಲ್ಲ ಅನ್ನುವ ನೆಪ ಸಲ್ಲುವುದಿಲ್ಲ.

ಆಮೇಲೆ ಗ್ಲೆಂಡೇಲ್‌ನ ಒಂದು ಹೈಸ್ಕೂಲಿನಲ್ಲಿ ಸ್ಪರ್ಧೆ ಬಂತು. ಹಿಂದಿನ ದಿನವೇ ಹೋಗಿ ಗೆಳತಿಯ ಮನೆಯಲ್ಲಿ ಇಳಿದೆವು. ಅವಳು ಚಿರೋಟಿ ಕರಿದಿದ್ದಳು. ಎರಡೂ ಮಕ್ಕಳು ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರು. ನಾನು ಫೋನಿನಲ್ಲಿ ನಿರ್ಣಾಯಕರ ಫಾರ್ಮ್ ತುಂಬುತ್ತಿದ್ದೆ. ನೀವು ಯಾವ ಮಕ್ಕಳಿಗೆ ತೀರ್ಪು ಕೊಡಬಾರದು, ನಿಮಗೆ ಹತ್ತಿರದವರು ಯಾರು, ಅವರ ಹೆಸರು ಹಾಕಿ ಅಂತ ಒಂದು ಪ್ರಶ್ನೆ ಇತ್ತು. ನನ್ನ ಮಗಳ ಶಾಲೆ ಹಾಕಿದೆ. ಗೆಳತಿಯ ಮಗಳ ಹೆಸರು ಹಾಕಬೇಕೋ ಬೇಡವೋ ಅಂತ ಅರೆಗಳಿಗೆ ಯೋಚಿಸಿದೆ. ಹಾಕಿದರೆ, ನನ್ನ ನ್ಯಾಯದ ಮೇಲೆ ನನಗೇ ನಂಬಿಕೆ ಇಲ್ಲ ಅಂತ ಬರೆದುಕೊಟ್ಟ ಹಾಗೆ ಅನ್ನಿಸಿತು. ಗೊತ್ತಿರುವವರನ್ನೆಲ್ಲ ಬಿಡುತ್ತಾ ಹೋದರೆ ನಮ್ಮ ಕಡೆ ಒಂದು ಮದುವೆಯ ಪಂಕ್ತಿಯೂ ಕೂರುವುದಿಲ್ಲ. ನಾನು ಆ ಜಾಗ ಖಾಲಿ ಬಿಟ್ಟು ಚಿರೋಟಿಗೆ ಹಾಲು ಹಾಕಿಕೊಂಡೆ.

ಮರುದಿನ ಐದು ಸುತ್ತು. ನಾಲ್ಕು ಗೆದ್ದ ಜೋಡಿಗಳೆಲ್ಲ ಮುಂದಿನ ಹಂತಕ್ಕೆ. ಮೂರು ಗೆದ್ದವರಲ್ಲಿ ಅಂಕ ಹೆಚ್ಚಿದ್ದ ಕೆಲವರು ಮಾತ್ರ. ನಾಲ್ಕು ಸುತ್ತು ಯಾರ್ಯಾರದೋ ಮಕ್ಕಳಿಗೆ ತೀರ್ಪು ಕೊಟ್ಟೆ. ಐದನೆಯದಕ್ಕೆ ಫೋನಿನಲ್ಲಿ ಕೊಠಡಿ ಸಂಖ್ಯೆ ಬಂತು. ಬಾಗಿಲು ತೆಗೆದರೆ ಎದುರಿಗೆ ಗೆಳತಿಯ ಮಗಳು.

ಬೆಳಿಗ್ಗೆ ನಾನೇ ಅವಳಿಗೆ ಜಡೆ ಹಾಕಿದ್ದೆ. ನನ್ನ ಚೀಲದಲ್ಲಿ ಅವಳ ತಾಯಿ ಕಟ್ಟಿಕೊಟ್ಟ ಚಪಾತಿ ಪಲ್ಯವಿತ್ತು. ಹುಡುಗಿ ಮಾತ್ರ ನನ್ನನ್ನು ಕಂಡು ನಗಲೂ ಇಲ್ಲ, ಆಂಟಿ ಅನ್ನಲೂ ಇಲ್ಲ. "ಜಡ್ಜ್, ಆರ್ ಯು ರೆಡಿ?" ಅಂದಳು. ಹದಿನೈದು ವರ್ಷದ ಮಗುವಿಗೆ ಎಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಗೊತ್ತಿತ್ತು. ಹೊರಗೆ ಹೋಗಿ, ಈ ಹುಡುಗಿ ನಮ್ಮ ಮನೆಯವಳ ಹಾಗೆ, ಬೇರೆ ಕೊಠಡಿ ಕೊಡಿ ಅಂದಿದ್ದರೆ ಎರಡು ನಿಮಿಷದಲ್ಲಿ ಬದಲಾಯಿಸುತ್ತಿದ್ದರು. ನಾನು ಕೂತು ಪೆನ್ನು ತೆಗೆದೆ.

ಆ ವರ್ಷದ ವಿಷಯ ನೀರು. ಗೆಳತಿಯ ಮಗಳು ಮತ್ತು ಅವಳ ಜೋಡಿಯ ಹುಡುಗಿ ಅಂತರ್ಜಲ ಕಾಪಾಡುವ ಯೋಜನೆ ಮಂಡಿಸಿದರು. ಎದುರಿಗಿದ್ದ ಇಬ್ಬರು ಹುಡುಗರು ನೀರಿನಿಂದ ರೈತರ ಸಿಟ್ಟಿಗೆ, ಅಲ್ಲಿಂದ ಚುನಾವಣೆಗೆ, ಅಲ್ಲಿಂದ ಅಣುಯುದ್ಧಕ್ಕೆ ಒಂದೇ ನೆಗೆತಕ್ಕೆ ಹಾರಿದರು. ನಮ್ಮ ಹುಡುಗಿ ಎದ್ದು ಆ ಸರಪಳಿಯ ನಾಲ್ಕು ಕೊಂಡಿಯನ್ನು ನಾಲ್ಕು ಉತ್ತರದಿಂದ ಮುರಿದಳು. ವೇಗವಾಗಿ ಮಾತಾಡಿದಳು, ಆದರೆ ಒಂದೊಂದು ಉತ್ತರಕ್ಕೂ ನಂಬರ್ ಹೇಳಿ, ನನ್ನ ಪೆನ್ನು ಏಳುವುದನ್ನು ನೋಡಿ ಮುಂದಕ್ಕೆ ಹೋದಳು. ನನಗೆ ಪ್ರತಿಯೊಂದೂ ಅರ್ಥವಾಯಿತು. ಹುಡುಗರು ಎರಡಕ್ಕೆ ಉತ್ತರ ಕೊಟ್ಟರು, ಎರಡನ್ನು ಮರೆತೇಬಿಟ್ಟರು. ನನ್ನ ಕಾಗದದಲ್ಲಿ ಎರಡು ಜಾಗ ಖಾಲಿ ಉಳಿದವು. ಅವಳು ಗೆದ್ದಿದ್ದಳು.

ಈಗ ನನ್ನ ತಲೆಯೊಳಗೆ ಮೈಸೂರು ಬಂದು ಕೂತಿತು. ಇವಳನ್ನು ಗೆಲ್ಲಿಸಿದರೆ ನಾಳೆ ಏನನ್ನುತ್ತಾರೆ? ಹಿಂದಿನ ದಿನ ಅವರ ಮನೆಯಲ್ಲೇ ಚಿರೋಟಿ ತಿಂದಿದ್ದಳಂತೆ, ನಮ್ಮವರು ಅಂತ ಗೆಲ್ಲಿಸಿಬಂದಳು ಅನ್ನುತ್ತಾರೆ. ನಾವು ಪಾರಿತೋಷಕ ಗೆದ್ದ ವರ್ಷ ನಿರ್ಣಾಯಕರಾಗಿದ್ದ ಮೇಷ್ಟರು ನೆನಪಾದರು. ಅವರ ಸ್ವಂತ ತಂಗಿಯ ಮಗಳು ಆ ಸ್ಪರ್ಧೆಯಲ್ಲಿದ್ದಳು. ಅವಳಿಗೆ ಮೂರನೇ ಸ್ಥಾನವನ್ನೂ ಕೊಡದೆ ಅವರು ಪಾರಿತೋಷಕವನ್ನು ನಮ್ಮ ಕೈಗೆ ಕೊಟ್ಟರು. ಎಂಥ ನಿಷ್ಠುರ ಮನುಷ್ಯ ಅಂತ ಊರೆಲ್ಲ ವರ್ಷಗಟ್ಟಲೆ ಹೊಗಳಿತು. ಆ ಹುಡುಗಿ ಅವತ್ತು ಎಷ್ಟು ಚೆನ್ನಾಗಿ ಮಾತಾಡಿದ್ದಳು ಅಂತ ಯಾರೂ ಕೇಳಲಿಲ್ಲ, ಪಾರಿತೋಷಕ ಹೊತ್ತುಕೊಂಡು ಬಂದ ನಾವಂತೂ ಕೇಳಲೇ ಇಲ್ಲ. ನಾನೂ ಅಂಥ ನಿಷ್ಠುರಳಾಗಬೇಕು ಅನ್ನುವ ಆಸೆ ಆ ಕೊಠಡಿಯಲ್ಲಿ ನನ್ನೊಳಗೆ ಭುಗ್ಗೆಂದು ಎದ್ದಿತು. ಅದನ್ನು ನ್ಯಾಯ ಅಂದುಕೊಂಡೆ. ಶುದ್ಧ ಜಂಬ ಅದು.

ಹುಡುಗರನ್ನು ಗೆಲ್ಲಿಸಿದೆ. ಸೋತವರಿಗೆ ಅಂಕ ಹೆಚ್ಚು ಕೊಟ್ಟರೆ ಅನುಮಾನ ಬರುತ್ತದೆ ಅಂತ ಅಂಕವನ್ನೂ ಇಳಿಸಿದೆ.

ತೀರ್ಪು ಹೇಳಿದ ಮೇಲೆ ಮಕ್ಕಳು ಪ್ರಶ್ನೆ ಕೇಳುವುದು ಇಲ್ಲಿಯ ಪದ್ಧತಿ. ಹುಡುಗರು ತಮ್ಮ ಅದೃಷ್ಟ ಬದಲಾಗುವ ಮುಂಚೆ ಚೀಲ ಎತ್ತಿಕೊಂಡು ಹೊರಟರು. ಗೆಳತಿಯ ಮಗಳು ನೋಟ್‌ಬುಕ್ ತೆರೆದು, ನಾವು ಏನು ಮಾಡಿದ್ದರೆ ನಿಮ್ಮ ವೋಟು ಸಿಗುತ್ತಿತ್ತು ಅಂತ ಕೇಳಿದಳು. ನನ್ನ ಹತ್ತಿರ ಕಾರಣವೇ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: ತುಂಬಾ ಫಾಸ್ಟ್ ಆಯಿತು, ಅರ್ಥವಾಗಲಿಲ್ಲ, ನಿಧಾನ ಮಾಡಬೇಕು. ಅವಳ ಜೋಡಿಯ ಹುಡುಗಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಇವಳು ಮಾತ್ರ ತಲೆ ಬಗ್ಗಿಸಿ ಅಷ್ಟನ್ನೂ ಬರೆದುಕೊಂಡು, ಥ್ಯಾಂಕ್ ಯು ಹೇಳಿ ಹೋದಳು.

ಅರ್ಧ ಗಂಟೆಯಲ್ಲಿ ಪಟ್ಟಿ ಬಂತು. ಗೆಳತಿಯ ಮಗಳ ಜೋಡಿಗೆ ಮೂರು ಗೆಲುವು, ಅಂಕ ಸಾಲದೆ ಹೊರಗೆ. ಮೂರು ಗೆದ್ದವರಲ್ಲಿ ಕೊನೆಯ ಜಾಗ ಹಿಡಿದು ಒಳಗೆ ಹೋದ ಜೋಡಿ ನನ್ನ ಮಗಳದು.

ಆಣೆ ಮಾಡಿ ಹೇಳುತ್ತೇನೆ, ಅದು ನನಗೆ ಗೊತ್ತಿರಲಿಲ್ಲ. ಯಾರು ಎಷ್ಟು ಗೆದ್ದಿದ್ದಾರೆ ಅಂತ ನಿರ್ಣಾಯಕರಿಗೆ ಹೇಳುವುದಿಲ್ಲ. ಆದರೆ ತೀರ್ಪಿನ ಹಾಳೆಯನ್ನು ಎಲ್ಲರೂ ನೋಡಬಹುದು. ಕ್ಯಾಂಟೀನಿನಲ್ಲಿ ಇಬ್ಬರು ಪೋಷಕರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ನಮ್ಮವರನ್ನು ಗೆಲ್ಲಿಸಿದಳು ಅನ್ನಿಸಿಕೊಳ್ಳಬಾರದು ಅಂತ ನಾನು ಮಾಡಿದ ಕೆಲಸ, ಸ್ವಂತ ಮಗಳಿಗೆ ದಾರಿ ಮಾಡಲು ಗೆಳತಿಯ ಮಗಳನ್ನು ತುಳಿದಳು ಅನ್ನುವಲ್ಲಿಗೆ ಬಂದು ನಿಂತಿತು. ನನ್ನ ಮಗಳು ಮುಂದಿನ ಸುತ್ತಿನಲ್ಲೇ ಸೋತಳು. ಅಷ್ಟು ಲಾಭ.

ಗೆಳತಿ ಏನೂ ಕೇಳಲಿಲ್ಲ. ದಾರಿಗೆ ಅಂತ ಮೊಸರನ್ನ ಕಟ್ಟಿಕೊಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಫ್ರೀವೇ ಮೇಲೆ ಬರುವಾಗ ಮಗಳು ಇಂಗ್ಲಿಷಿನಲ್ಲಿ ಶುರುಮಾಡಿದಳು. ಅವಳನ್ನು ಯಾಕೆ ಸೋಲಿಸಿದೆ? ಫಾಸ್ಟ್ ಆಯಿತು, ಅರ್ಥವಾಗಲಿಲ್ಲ ಅಂದೆ. ಅವಳು ನನಗಿಂತ ನಿಧಾನ ಮಾತಾಡುತ್ತಾಳೆ, ನಾನು ಮನೆಯಲ್ಲಿ ಅಭ್ಯಾಸ ಮಾಡಿದ್ದೆಲ್ಲ ನಿನಗೆ ಅರ್ಥವಾಗುತ್ತದಲ್ಲ ಅಂದಳು. ನಾನು ರಸ್ತೆ ನೋಡಿದೆ. ಹೋಗಲಿ, ಎದುರಿನವರು ನಾಲ್ಕಕ್ಕೂ ಉತ್ತರ ಕೊಟ್ಟಿದ್ದರಾ ಅಂದಳು.

"ಸುಮ್ನೆ ವಾದ ಮಾಡ್ಬೇಡ" ಅಂದುಬಿಟ್ಟೆ.

ವಾದ ಮಾಡಲಿ ಅಂತಲೇ ಶನಿವಾರ ಶನಿವಾರ ಊರೂರಿಗೆ ಡ್ರೈವ್ ಮಾಡಿದವಳು ನಾನು. ಮಗಳು ಕಿವಿಗೆ ಹಾಡು ಸಿಕ್ಕಿಸಿಕೊಂಡಳು.

ಆಮೇಲಿನ ತಿಂಗಳುಗಳಲ್ಲಿ ನಾನೂ ಗೆಳತಿಯೂ ಬಹಳ ಒಳ್ಳೆಯ ನಡತೆಯ ಹೆಂಗಸರಾದೆವು. ಅದಕ್ಕೂ ಮುಂಚೆ ವಾರಕ್ಕೆ ನಾಲ್ಕು ಸಲ ಫೋನು, ಗಂಡಂದಿರನ್ನು ಆಡಿಕೊಳ್ಳುವುದು, ಅತ್ತೆಯರನ್ನು ಆಡಿಕೊಳ್ಳುವುದು. ಈಗ ಬೆಳಿಗ್ಗೆ ಅವಳಿಂದ ಒಂದು ಹೂವಿನ ಚಿತ್ರ ಬರುತ್ತಿತ್ತು, ನಾನು ಕೈಮುಗಿಯುವ ಒಂದು ಚಿತ್ರ ಕಳಿಸುತ್ತಿದ್ದೆ. ಹೇಳಿಬಿಡಬೇಕು ಅಂತ ಎಷ್ಟೋ ಸಲ ಫೋನ್ ಎತ್ತಿದೆ. ಏನಂತ ಹೇಳುವುದು? ನಿನ್ನ ಮಗಳು ಗೆದ್ದಿದ್ದಳು, ನಾನು ಒಳ್ಳೆಯವಳು ಅನ್ನಿಸಿಕೊಳ್ಳಲು ಅವಳನ್ನು ಸೋಲಿಸಿದೆ ಅಂತಲೇ? ಲ್ಯಾಬಿನಲ್ಲಿ ಯಾವನೋ ಸುಳ್ಳು ಕಾರಣ ಬರೆದದ್ದಕ್ಕೆ ನಾನು ಇಡೀ ದಿನ ಹಾರಾಡಿದ ವಾರವೂ ಅದರಲ್ಲಿ ಒಂದು. ಹಾರಾಡಿ ಮನೆಗೆ ಬಂದು ಅವಳ ಹೂವಿಗೆ ಕೈಮುಗಿದೆ.

ಲಾಂಗ್ ಬೀಚಿನ ಒಂದು ಕ್ಯಾಂಪಸ್ಸಿನಲ್ಲಿ ಮುಂದಿನ ದೊಡ್ಡ ಸ್ಪರ್ಧೆ ನಡೆಯಿತು. ಈ ಸಲ ಫಾರ್ಮಿನಲ್ಲಿ ಗೊತ್ತಿರುವ ಮಕ್ಕಳ ಹೆಸರನ್ನೆಲ್ಲ ತುಂಬಿದೆ, ಸಂತೆಯ ಪಟ್ಟಿಯಷ್ಟು ಉದ್ದವಾಯಿತು. ಎರಡು ಸುತ್ತು ಮುಗಿದ ಮೇಲೆ ಗೆಳತಿ ಒಂದು ಬೆಂಚಿನ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕೂತದ್ದು ಕಂಡಿತು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ. ಅವಳ ಮುಖ ಬಾಡಿತ್ತು.

"ಎರಡೂ ಸೋತ್ರು ಕಣೇ. ಇವಳ ಜೊತೆಯ ಹುಡುಗಿ ಬೇರೆ ಜೋಡಿ ಬೇಕು ಅಂತಿದಾಳಂತೆ. ಇವತ್ತು ಸಂಜೆ ಕೋಚ್‌ಗೆ ಹೇಳ್ತಾಳಂತೆ. ಎರಡು ವರ್ಷ ಇಬ್ರೂ ಒಂದೇ ಜೀವ ಆಗಿದ್ರು."

"ಯಾಕೆ, ಏನಾಯ್ತು?"

"ನೀನೇ ಹೋಗಿ ನೋಡು."

ಮೂರನೇ ಸುತ್ತಿನಲ್ಲಿ ನನಗೆ ಕೆಲಸವಿರಲಿಲ್ಲ. ಅವಳ ಮಗಳ ಕೊಠಡಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಗೆಳತಿಯ ಮಗಳು ಎದ್ದು ನಿಂತು ಮಾತಾಡಿದಳು. ನಿಧಾನವಾಗಿ. ಒಂದೊಂದು ಪದವನ್ನೂ ಬಿಡಿಸಿ, ವಾಕ್ಯ ಮುಗಿದ ಮೇಲೆ ನಿಲ್ಲಿಸಿ, ನಿರ್ಣಾಯಕರ ಮುಖ ನೋಡಿ, ಅರ್ಥವಾಯಿತು ಅಂತ ಖಾತ್ರಿ ಮಾಡಿಕೊಂಡು. ಎಷ್ಟು ಚೆನ್ನಾಗಿ ಅಭ್ಯಾಸ ಮಾಡಿದ್ದಳೆಂದರೆ ಅದು ಅವಳ ಸ್ವಭಾವವೇ ಆಗಿಬಿಟ್ಟಿತ್ತು. ಎಂಟು ನಿಮಿಷ ಮುಗಿದಾಗ ಎದುರಿನವರ ಮೂರು ವಾದ ಅವಳು ಮುಟ್ಟದೆ ಹಾಗೇ ಉಳಿದಿದ್ದವು. ಜೋಡಿಯ ಹುಡುಗಿ ಮೇಜಿನ ಮೇಲೆ ಹಣೆ ಇಟ್ಟುಕೊಂಡಳು. ತೀರ್ಪು ಹೇಳುವಾಗ ನಿರ್ಣಾಯಕರು, ನೀವು ಬಹಳ ಸ್ಪಷ್ಟವಾಗಿ ಮಾತಾಡಿದಿರಿ, ಆದರೆ ಮೂರಕ್ಕೆ ಉತ್ತರವೇ ಬರಲಿಲ್ಲ ಅಂದರು. ಹುಡುಗಿ ಅದನ್ನೂ ಬರೆದುಕೊಂಡಳು.

ಬಾಯಿಗೆ ಬಂದ ಒಂದು ಮಾತನ್ನು ಈ ಮಗು ತಿಂಗಳುಗಟ್ಟಲೆ ಸಾಧನೆ ಮಾಡಿತ್ತು.

ಹೊರಗೆ ಬೆಂಚಿನ ಹತ್ತಿರ ಇಬ್ಬರೂ ಹುಡುಗಿಯರು ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದರು. ಗೆಳತಿ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಸುರಿಯುತ್ತಿದ್ದಳು. ನಾನು ಹೋಗಿ ನಿಂತೆ. ಪೀಠಿಕೆ ಹಾಕಲು ಪುರುಸೊತ್ತಿರಲಿಲ್ಲ, ನಾಲ್ಕನೇ ಸುತ್ತಿಗೆ ಹದಿನೈದು ನಿಮಿಷವಿತ್ತು. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ: ಗ್ಲೆಂಡೇಲ್‌ನ ಐದನೇ ಸುತ್ತಿನಲ್ಲಿ ನೀವು ಗೆದ್ದಿದ್ದಿರಿ. ಫಾಸ್ಟ್ ಆಯಿತು ಅಂದದ್ದು ಸುಳ್ಳು. ನನಗೆ ಎಲ್ಲ ಅರ್ಥವಾಗಿತ್ತು.

ತಿರುಗಿದವಳು ಜೋಡಿಯ ಹುಡುಗಿ. ನನ್ನ ಭುಜದಷ್ಟು ಎತ್ತರದ ಹುಡುಗಿ, ಮುಖದ ಮೇಲೆ ಮಾಸ್ಕು, ಮೇಲೆ ಎರಡು ಕಣ್ಣು. ನಾನು ನನ್ನ ಜೀವಮಾನದಲ್ಲಿ ಎದುರಿಸಿದ ಅತ್ಯಂತ ಕಠಿಣ ಪಾಟೀಸವಾಲು ಅದು.

ಎದುರಿನವರು ನಮ್ಮ ನಾಲ್ಕೂ ಉತ್ತರಕ್ಕೆ ಪ್ರತಿ ಉತ್ತರ ಕೊಟ್ಟರಾ ಅಂದಳು. ಇಲ್ಲ, ಎರಡು ಬಿಟ್ಟರು ಅಂದೆ. ಅದು ನಿಮ್ಮ ನೋಟ್ಸಿನಲ್ಲಿ ಇತ್ತಾ ಅಂದಳು. ಇತ್ತು. ಹಾಗಿದ್ದ ಮೇಲೆ ಯಾಕೆ? ನಾನು ಇವಳ ಕಡೆ ಕೈ ತೋರಿಸಿದೆ. ಇವಳು ನಮ್ಮ ಮನೆ ಮಗಳ ಹಾಗೆ, ಗೆಲ್ಲಿಸಿದರೆ ಜನ ಏನನ್ನುತ್ತಾರೋ ಅಂತ ಹೆದರಿದೆ ಅಂದೆ. ಇಂಗ್ಲಿಷಿನಲ್ಲಿ ಹೇಳಿದಾಗ ಅದು ಇನ್ನೂ ಹುಚ್ಚುಚ್ಚಾಗಿ ಕೇಳಿಸಿತು.

ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಸೋ, ಇವಳು ನಿಮಗೆ ಗೊತ್ತೇ ಇಲ್ಲದಿದ್ದರೆ ನಾವು ಗೆಲ್ಲುತ್ತಿದ್ದೆವು?"

ಹೌದು ಅಂದೆ.

ಅವಳು ಗೆಳತಿಯ ಮಗಳ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡು ಹೋದಳು. ಇಬ್ಬರೂ ಒಂದು ಕಂಬದ ಮರೆಯಲ್ಲಿ ನಿಂತು ಏನೋ ಮಾತಾಡಿದರು. ನಡುವೆ ಒಮ್ಮೆ ನಮ್ಮ ಹುಡುಗಿ ಅತ್ತಳು, ಇನ್ನೊಬ್ಬಳು ಮಾಸ್ಕ್ ಸರಿಮಾಡಿಕೊಟ್ಟಳು. ಅಷ್ಟರಲ್ಲಿ ನಾಲ್ಕನೇ ಸುತ್ತಿನ ಕೊಠಡಿಗಳು ಫೋನಿಗೆ ಬಂದವು. ನನ್ನ ಕಡೆ ಒಂದು ಸಲವೂ ನೋಡದೆ ಇಬ್ಬರೂ ಓಡಿದರು.

ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಕೊಠಡಿ ಹತ್ತಿರದ್ದೇ. ಸ್ವಲ್ಪ ಹೊತ್ತಿನಲ್ಲಿ ಬಾಗಿಲಿನ ಆಚೆಯಿಂದ ಗೆಳತಿಯ ಮಗಳ ದನಿ ಕೇಳಿಸಿತು. ಮೊದಲು ತಡವರಿಸಿತು, ಆಮೇಲೆ ಓಟ ಹಿಡಿಯಿತು. ಗೆಲ್ಲುತ್ತಾಳೋ ಬಿಡುತ್ತಾಳೋ ಗೊತ್ತಿಲ್ಲ, ಅಂತೂ ಓಡುತ್ತಿದ್ದಳು. ನನಗೆ ಸ್ವಲ್ಪ ಹಗುರವಾಯಿತು. ಇನ್ನು ಗೆಳತಿ ಬೈಯಲಿ, ಎರಡು ಏಟು ಬೇಕಾದರೂ ಹಾಕಲಿ ಅಂತ ತಲೆ ತಗ್ಗಿಸಿ ಕೂತೆ.

"ಸೋಲಿಸಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೇ" ಅಂದಳು. "ಅವತ್ತು ನೀವು ಹೊರಟ ಮೇಲೆ ಅವಳು ಬಂದು ಹೇಳಿದ್ಳು, ಅಮ್ಮಾ, ನಾವು ಗೆದ್ದಿದ್ವಿ, ಆಂಟಿ ಏನೋ ಸುಳ್ಳು ಹೇಳ್ತಿದಾರೆ ಅಂತ. ನಾನು ಕೆನ್ನೆಗೆ ಹೊಡೆಯೋಕೇ ಹೋದೆ. ಆ ಆಂಟಿ ನಂಗೆ ಹದಿನೇಳನೇ ವಯಸ್ಸಿಂದ ಗೊತ್ತು, ಸುಳ್ಳು ಹೇಳೋ ಜಾತಿ ಅಲ್ಲ, ಅವಳು ನಿಧಾನ ಅಂದ್ರೆ ನೀನು ನಿಧಾನ ಮಾಡ್ಬೇಕು ಅಂದೆ."

ಟೀ ಆರಿಹೋಗಿತ್ತು. ಅವಳು ಅದನ್ನು ಹುಲ್ಲಿನ ಮೇಲೆ ಚೆಲ್ಲಿದಳು.

"ಅವಳಿಗೆ ಇಷ್ಟ ಇರ್ಲಿಲ್ಲ. ದಿನಾ ಸಂಜೆ ಎದುರಿಗೆ ಟೈಮರ್ ಹಿಡ್ಕೊಂಡು ಕೂತು, ಬೈದು ಬೈದು ನಿಧಾನ ಮಾಡಿಸಿದ್ದು ನಾನು."